ನಲವತ್ತೊಂದನೆಯ ಕಾರ್ಡಿನ ಹಿಂಬದಿ

ವಿಸ್ಕಾನ್ಸಿನ್‌ನ ಹಾಲ್‌ಬರ್ಗ್ ಊರಿನ ಚೀಸ್ ಕಾರ್ಖಾನೆಯಲ್ಲಿ ಲೈಲ್ ಗುಂಡರ್ಸನ್ ಹಾಲಿನ ಮೂರನೇ ತೊಟ್ಟಿಯ ಮೇಲ್ವಿಚಾರಕ. ಶನಿವಾರ ಮಧ್ಯಾಹ್ನ, ಡೆನ್ನಿ ಕೋಲ್ಬ್‌ನ ಆಟದ ಸಾಮಾನಿನ ಅಂಗಡಿಯ ಹಿಂಕೋಣೆಯಲ್ಲಿ ಮಾತ್ರ, ಅವನು ಹೇಳಿದ್ದೇ ಕಾನೂನು. ಉದ್ದನೆಯ ಮೇಜಿನ ಸುತ್ತ ಐದಾರು ಜನ ಕೂತು, ಒಬ್ಬ ಯೋಧ, ಒಬ್ಬ ಪೂಜಾರಿ, ಒಬ್ಬ ಮಂತ್ರವಾದಿ ಎಂದು ವೇಷ ಹಂಚಿಕೊಂಡು, ದಾಳ ಉರುಳಿಸುತ್ತ ಬಾಯಲ್ಲೇ ಕತೆ ಕಟ್ಟುವ ಆಟ ಅಲ್ಲಿ ಮೂವತ್ತೈದು ವರ್ಷಗಳಿಂದ ನಡೆದಿದೆ. ಕತೆ ನಡೆಸುವವನು ಡೆನ್ನಿ. ನಿಯಮದ ಪುಸ್ತಕ ಮುನ್ನೂರು ಪುಟ. ಪುಸ್ತಕ ಸುಮ್ಮನಾದ ಕಡೆ ಎಲ್ಲರೂ ಲೈಲ್‌ನ ಮುಖ ನೋಡುತ್ತಿದ್ದರು.

ಆ ಮೇಜಿಗೊಂದು ಪದ್ಧತಿ ಇತ್ತು. ಹೊಸ ತಕರಾರು ತೀರ್ಮಾನವಾದರೆ ಅದನ್ನು ಒಂದು ಕಾರ್ಡಿನ ಮೇಲೆ ಬರೆದು, ನಂಬರು ಹಾಕಿ, ತಗಡಿನ ಪೆಟ್ಟಿಗೆಗೆ ಸೇರಿಸಬೇಕು. ಪೆಟ್ಟಿಗೆಗೆ ಬಿದ್ದ ಕಾರ್ಡನ್ನು ಪೆಟ್ಟಿಗೆ ಇಟ್ಟುಕೊಂಡವನೂ ಮೀರುವಂತಿಲ್ಲ. ಇದನ್ನು ಶುರು ಮಾಡಿದವನು ಹಬ್ ನಿನ್ನೆಮನ್, ನಿವೃತ್ತ ಪೋಸ್ಟ್‌ಮಾಸ್ಟರ್. ಹನ್ನೊಂದು ವರ್ಷದ ಹಿಂದೆ ಸಾಯುವಾಗ ಅವನು ಪೆಟ್ಟಿಗೆಯನ್ನು ಲೈಲ್‌ಗೆ ಕೊಟ್ಟು ಹೋದ. ಮದುವೆಯಿಲ್ಲದ, ಐವತ್ತೇಳರ ಲೈಲ್‌ಗೆ ಆ ಪೆಟ್ಟಿಗೆ ಬಿಟ್ಟರೆ ಊರಿನಲ್ಲಿ ಬೇರೆ ಯಾವ ಹೆಸರೂ ಇರಲಿಲ್ಲ.

ಸೆಪ್ಟೆಂಬರಿನಲ್ಲಿ ಮಾರ್ಸಿ ವೊಯ್ಟೆಕ್ ಬಂದಳು. ಹಲ್ಲಿನ ಡಾಕ್ಟರ ಹತ್ತಿರ ಹಲ್ಲು ಶುಚಿ ಮಾಡುವ ಕೆಲಸ; ಮೂವತ್ತನ್ನು ಈಚೆಗಷ್ಟೇ ದಾಟಿದ ವಯಸ್ಸು. ಕೈಗೆ ಸಿಕ್ಕಿದ್ದನ್ನೆಲ್ಲ ತಿರುಗಿಸಿ ಹಿಂಬದಿ ನೋಡುವ ಅಭ್ಯಾಸ ಅವಳದು. ಮೂರು ವಾರದಲ್ಲಿ ಪುಸ್ತಕವನ್ನು ಎರಡು ಸಲ ಓದಿ ಮುಗಿಸಿದ್ದಳು. ಲೈಲ್ ಕಾರ್ಖಾನೆಯಿಂದ ತರುತ್ತಿದ್ದ, ಹಲ್ಲಿಗೆ ಕಿರ್‍ರೆನ್ನುವ ತಾಜಾ ಚೀಸ್ ತುಂಡುಗಳು ಅಲ್ಲಿಯವರೆಗೆ ಅರ್ಧ ಗಂಟೆ ಉಳಿದದ್ದಿಲ್ಲ. ಈಗ ಮೊದಲು ಖಾಲಿಯಾಗುತ್ತಿದ್ದದ್ದು ಅವಳ ಗಸಗಸೆ ಕೇಕು. ಉಳಿದ ಚೀಸನ್ನು ಲೈಲ್ ಮನೆಗೆ ಒಯ್ದು ನಾಯಿಗೆ ಹಾಕುತ್ತಿದ್ದ. ಡೆನ್ನಿ ಒಂದು ದಿನ, ಏನೋ ಅನುಮಾನ ಬಂದಾಗ, ಲೈಲ್‌ಗಿಂತ ಮೊದಲು ಅವಳ ಕಡೆ ನೋಡಿದ. ಅರೆ ಕ್ಷಣ ಅಷ್ಟೇ. ಲೈಲ್ ಅದನ್ನು ವಾರವಿಡೀ ಮನಸ್ಸಿನಲ್ಲಿ ಮೆಲುಕು ಹಾಕಿದ.

ಫೆಬ್ರವರಿಯ ಒಂದು ಶನಿವಾರ ಆಟದೊಳಗಿನ ಕೋಟೆಯನ್ನು ಶತ್ರುಗಳು ಮುತ್ತಿದ್ದರು. ಮಾರ್ಸಿಯ ಪಾತ್ರ ಎರಡು ವಿದ್ಯೆ ಕಲಿತದ್ದು: ಪೂಜಾರಿಯಾಗಿ ಎಂಟು ಮೆಟ್ಟಿಲು, ಮಂತ್ರವಾದಿಯಾಗಿ ಒಂದೇ ಮೆಟ್ಟಿಲು. ಕೋಟೆಯೊಳಗೆ ಅವಳಿಗೆ ಕಲ್ಲುಗೋಡೆ ಎಬ್ಬಿಸುವ ಮಂತ್ರ ಬರೆದ ಸುರುಳಿಯೊಂದು ಸಿಕ್ಕಿತ್ತು, ಆದರೆ ಅದು ಮೇಲಿನ ಮೆಟ್ಟಿಲಿನ ಮಂತ್ರವಾದಿಗಳದು.

"ಲೈಲ್, ಒಂದು ಅನುಮಾನ," ಎಂದಳು. "ಎರಡು ವಿದ್ಯೆ ಇದ್ದರೆ ಶಕ್ತಿ ಎರಡನ್ನೂ ಕೂಡಿಸಿ ಲೆಕ್ಕ, ಅಲ್ವಾ?"

"ಹೌದು. ಆದರೆ ಮಂತ್ರ ಕಲಿಯೋದು ಆಯಾ ವಿದ್ಯೆಯ ಮೆಟ್ಟಿಲಿನ ಪ್ರಕಾರ. ನಿನ್ನ ಹತ್ರ ಬಿಯರಿನ ದೊಡ್ಡ ಮಗ್ಗು ಇದೆ ತಾಯಿ, ಅದಕ್ಕೆ ಹುಯ್ಯೋಕೆ ಒಂದು ಗುಟುಕು ಹಾಲು ಮಾತ್ರ ಇದೆ."

ಎಲ್ಲರೂ ನಕ್ಕರು. ಅವಳೂ ನಕ್ಕಳು.

"ಅದು ಕಲಿಯೋ ಮಾತು. ಸಿಕ್ಕಿದ ಸುರುಳಿಯಿಂದ ನಕಲು ಮಾಡ್ಕೊಳ್ಳೋ ನಿಯಮ ಬೇರೆ ಪುಟದಲ್ಲಿದೆ ನೋಡಿ. 'ಪ್ರಯೋಗಿಸುವ ಶಕ್ತಿಯಿರುವ ಯಾವ ಮಂತ್ರವನ್ನಾದರೂ' ಅಂತಿದೆ. ಯಾವ ವಿದ್ಯೆಯ ಶಕ್ತಿ ಅಂತ ಹೇಳಿಲ್ಲ. ನನ್ನ ಶಕ್ತಿ ಒಂಬತ್ತು ಮೆಟ್ಟಿಲಿಂದು. ಹಾಗಾದ್ರೆ ಈ ಕಲ್ಲುಗೋಡೆಯ ಮಂತ್ರ ನಕಲು ಮಾಡ್ಕೋಬಹುದು."

ಡೆನ್ನಿ ಶಿಳ್ಳೆ ಹೊಡೆದ. "ಅಯ್ಯೋ ಮಾರಾಯ್ತಿ! ಎಲ್ಲಿ ಅಡಗಿತ್ತು ಇದು?"

ಲೈಲ್‌ಗೆ ಅದು ಎಲ್ಲಿತ್ತೆಂದು ಗೊತ್ತಿತ್ತು. ನಲವತ್ತೊಂದನೆಯ ಕಾರ್ಡಿನಲ್ಲಿತ್ತು. ಮೂವತ್ತಮೂರು ವರ್ಷದ ಹಿಂದೆ, ಈ ಮೇಜಿಗೆ ಹೊಸಬನಾಗಿದ್ದಾಗ, ಇದೇ ಸಂದನ್ನು ಅವನೇ ಕಂಡುಹಿಡಿದಿದ್ದ. ಹಬ್ ಒಪ್ಪಿ ಕಾರ್ಡು ಬರೆದಿದ್ದ. ಆ ಕಾಲದವರು ಈಗ ಮೇಜಿನ ಸುತ್ತ ಯಾರೂ ಇರಲಿಲ್ಲ; ಡೆನ್ನಿ ಅಂಗಡಿ ಕೊಂಡದ್ದೂ ಆಮೇಲೆ.

"ಆಗಲ್ಲ," ಎಂದ ಲೈಲ್.

"ಯಾಕೆ?"

"ಆಗಲ್ಲ ಅಂದ್ರೆ ಆಗಲ್ಲ."

ಮಾರ್ಸಿ ಪುಸ್ತಕ ಮುಚ್ಚಿದಳು. ಗೋಡೆ ಏಳಲಿಲ್ಲ, ಕೋಟೆಯ ಹೊರಬಾಗಿಲು ಬಿತ್ತು. ಮನೆಗೆ ಹೊರಡುವಾಗ ಅವಳು ಕೇಕಿನ ಡಬ್ಬಿ ಮುಚ್ಚುತ್ತ, "ಮುಂದಿನ ವಾರ ಆ ಪೆಟ್ಟಿಗೆ ನನಗೆ ಕೊಡ್ತೀರಾ? ಕಾರ್ಡೆಲ್ಲ ವಿಷಯವಾರು ಪಟ್ಟಿ ಮಾಡ್ತೀನಿ, ನಿಮಗೂ ಹುಡುಕೋಕೆ ಸಲೀಸು," ಎಂದಳು. ಡೆನ್ನಿ ಲೈಲ್‌ನ ಪರವಾಗಿ ಹೂಂ ಅಂದುಬಿಟ್ಟ.

ಭಾನುವಾರ ಚರ್ಚಿನಿಂದ ಬಂದವನೇ ಲೈಲ್ ಕೋಟೂ ಬಿಚ್ಚದೆ ಪೆಟ್ಟಿಗೆ ತೆರೆದ. ಒಂದು ನಂಬರು ಕಾಣೆಯಾದರೆ ಹಳೇ ಕಾರ್ಡು, ಎಲ್ಲೋ ಕಳೆದುಹೋಯಿತು ಎನ್ನಬಹುದು. ನಲವತ್ತೊಂದನ್ನು ಎಳೆದು, ಹರಿಯಲು ಎರಡು ಬೆರಳಲ್ಲಿ ಹಿಡಿದ. ಹಬ್‌ನ ಅಂಚೆ ಕಚೇರಿ ಅಕ್ಷರ: 'ನಕಲು ಮಾಡಬಹುದು. ಕೇಳಿದವನು ಲೈಲ್.' ಕಾರ್ಡನ್ನು ಯಾವಾಗಲೂ ಮುಂಬದಿಯಿಂದಲೇ ಓದುವುದು. ಹರಿಯುವ ಮುಂಚೆ, ಏಕೋ, ಅವಳ ಹಾಗೆ ತಿರುಗಿಸಿದ.

ಹಿಂಬದಿಯಲ್ಲಿ ಪೆನ್ಸಿಲ್ಲಿನಲ್ಲಿ ಸಣ್ಣಗೆ ಬರೆದಿತ್ತು: 'ಹುಡುಗ ಹೇಳಿದ್ದು ಸರಿ. ನನಗೆ ಇಷ್ಟವಾಗಲಿಲ್ಲ.'

ಹಬ್ ಆ ದಿನ ನಗುತ್ತ ಬೆನ್ನು ತಟ್ಟಿದ್ದ. ಲೈಲ್ ಆ ತಟ್ಟಿದ ಕೈಯನ್ನು ಮೂವತ್ತಮೂರು ವರ್ಷ ನೆನಪಿನಲ್ಲಿಟ್ಟುಕೊಂಡಿದ್ದ. ಕಾರ್ಡನ್ನು ಹರಿಯದೆ ಕೋಟಿನ ಜೇಬಿಗೆ ಹಾಕಿಕೊಂಡ. ನಾಯಿ ಬಂದು ಚೀಸಿಗೆ ಕಾದು ವಾಪಸು ಹೋಯಿತು.

ಮುಂದಿನ ಶನಿವಾರ ದಾಳ ಹೊರಬರುವ ಮೊದಲೇ ಲೈಲ್ ಕಾರ್ಡನ್ನು ಮಾರ್ಸಿಯ ಮುಂದಿಟ್ಟ. ಅವಳು ಓದಿದಳು, ತಿರುಗಿಸಿದಳು, ಮತ್ತೆ ಓದಿದಳು.

"ಇದು ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಹೋದ ವಾರವೂ?"

"ಹೋದ ವಾರವೂ."

ಡೆನ್ನಿ ಮೇಜಿನ ಮೇಲಿನ ದಾಳಗಳನ್ನು ಸುಮ್ಮನೆ ಸಾಲಾಗಿ ಜೋಡಿಸತೊಡಗಿದ. "ಲೋ ಲೈಲ್," ಎಂದ ಕೊನೆಗೆ, "ನನ್ನ ಕೋಟೆ ಬಾಗಿಲು ಹೋಯ್ತಲ್ಲೋ ನಿನ್ನಿಂದ."

"ಬಾಗಿಲು ವಾಪಸ್ ನಿಲ್ಲಿಸು. ಅವಳ ಗೋಡೆ ಎದ್ದಿತ್ತು ಅಂತ ಲೆಕ್ಕ." ಲೈಲ್ ಹೊಸ ಕಾರ್ಡು ತೆಗೆದು ಇನ್ನೂರ ಹದಿಮೂರು ಎಂದು ಹಾಕಿ ಬರೆದ: 'ನಲವತ್ತೊಂದು ಈಗಲೂ ಊರ್ಜಿತ. ಕೇಳಿದವಳು ಮಾರ್ಸಿ.'

ಅವಳು ಅದನ್ನೂ ತಿರುಗಿಸಿ ನೋಡಿದಳು. ಖಾಲಿ. ಪೆನ್ಸಿಲ್ಲನ್ನು ಅವನ ಕಡೆ ಉರುಳಿಸಿದಳು.

"ಹಿಂದೆಯೂ ಬರೀರಿ."

"ಏನಂತ?"

"ಇರೋದನ್ನ."

ಲೈಲ್ ಎಡಗೈ ಅಡ್ಡ ಹಿಡಿದು, ಪರೀಕ್ಷೆಯ ಹುಡುಗನಂತೆ, ಒಂದು ಸಾಲು ಬರೆದುಕೊಟ್ಟ. ಮಾರ್ಸಿ ಓದಿಕೊಂಡು, ಯಾರಿಗೂ ತೋರಿಸದೆ, ಕಾರ್ಡನ್ನು ಪೆಟ್ಟಿಗೆಗೆ ಹಾಕಿದಳು.

"ನೀವೂ ನನಗೆ ಅಷ್ಟೇನೂ ಇಷ್ಟ ಇಲ್ಲ ಬಿಡಿ," ಎಂದಳು. "ಆ ಚೀಸ್ ಈ ಕಡೆ ತಳ್ಳಿ."

ಲೈಲ್ ಪೊಟ್ಟಣ ತಳ್ಳಿ, ಬದಲಿಗೆ ಕೈಗೆ ಬಂದ ಕೇಕಿನ ಚೂರು ಬಾಯಿಗೆ ಹಾಕಿಕೊಂಡ. ಐದು ತಿಂಗಳಲ್ಲಿ ಮೊದಲ ಸಲ. ಚೆನ್ನಾಗಿತ್ತು. ಅದೂ ಅವನಿಗೆ ಇಷ್ಟವಾಗಲಿಲ್ಲ.