ತೂತಿನ ದೋಣಿ

ಮಂಡಿ ಆಪರೇಷನ್ ಆದ ಮೇಲೆ ನಮ್ಮ ಮನೆಯಲ್ಲಿ ಎಲ್ಲರ ಕೈಗೂ ನನ್ನ ರಟ್ಟೆಯೇ ಕೆಲಸವಾಯಿತು. ಮೆಟ್ಟಿಲಿಳಿಯಲು ಕಾಲೆತ್ತಿದರೆ ಯಜಮಾನರು ಬಂದು ಹಿಡಿಯುತ್ತಾರೆ. ಬಸ್ಸು ಹತ್ತುವಾಗ ಮಗಳು ಹಿಡಿಯುತ್ತಾಳೆ. ಸೊಪ್ಪು ತರಲು ಗೇಟು ದಾಟಿದರೆ ಕೆಳಗಿನ ಬಾಡಿಗೆ ಮನೆಯ ಹುಡುಗಿ ಕೂಡ "ಆಂಟಿ, ನಿಧಾನ" ಎಂದು ಓಡಿ ಬರುತ್ತಾಳೆ. ಪ್ರೀತಿ ಅಲ್ಲ ಎನ್ನುವುದಿಲ್ಲ. ಆದರೆ ಕೇಳದೇ ಬಂದು ಹಿಡಿಯುವ ಪ್ರೀತಿಯಿಂದ ನನಗೆ ಮೈ ಉರಿಯುತ್ತದೆ.

ನನಗೆ ಬೇಕಾಗಿದ್ದದ್ದು ಒಂದೇ. ಮತ್ತೊಮ್ಮೆ ಮಂಡಿಯುದ್ದ ನೀರಿನಲ್ಲಿ, ಯಾರ ಕೈಯೂ ರಟ್ಟೆಯ ಮೇಲಿಲ್ಲದೆ, ನಿಂತು ಗಾಳ ಹಾಕಬೇಕು.

ನಾನು ಜರಗನಹಳ್ಳಿಯಲ್ಲೇ ಹುಟ್ಟಿದವಳು. ಯಜಮಾನರು ಮನೆಯಳಿಯನಾಗಿ ಬಂದವರು. ಈಗ ನಮ್ಮ ಬಾಡಿಗೆ ಮನೆಗಳು ನಿಂತಿರುವ ಜಾಗದಲ್ಲಿ ಆಗ ರಾಗಿ ಹೊಲವಿತ್ತು. ಹೊಲ ದಾಟಿದರೆ ಕೆರೆ. ಲಂಗ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಅಪ್ಪನ ಪಕ್ಕ ನೀರಿನಲ್ಲಿ ನಿಲ್ಲುತ್ತಿದ್ದೆ. ದಡದಲ್ಲಿ ಕೂತವನಿಗೆ ಮರಿ, ನೀರಿಗಿಳಿದವನಿಗೆ ಮೀನು ಎನ್ನುತ್ತಿದ್ದರು ಅಪ್ಪ. ಈಗ ಆ ಕೆರೆಗೆ ಬೇಲಿ ಹಾಕಿ ಸುತ್ತ ವಾಕಿಂಗ್ ದಾರಿ ಮಾಡಿದ್ದಾರೆ, ಗಾಳ ಹಿಡಿದು ಹೋದರೆ ಸೆಕ್ಯೂರಿಟಿಯವನು ಸೀಟಿ ಊದುತ್ತಾನೆ. ಹಾಗಾಗಿ ಕನಕಪುರ ರಸ್ತೆ ಹಿಡಿದು, ಊರು ಮುಗಿದ ಮೇಲೆ ಸಿಗುವ ಒಂದು ಜಲಾಶಯದ ಹಿನ್ನೀರಿಗೆ ಹೋಗುತ್ತೇವೆ. ಅಲ್ಲಿ ಮೀನಿನ ಗುತ್ತಿಗೆ ಹಿಡಿದವರನ್ನು ಒಂದು ಮಾತು ಕೇಳಿದರೆ ಸಾಕು, ಗಾಳಕ್ಕೆ ಅಡ್ಡಿಯಿಲ್ಲ, ಬಲೆ ಮಾತ್ರ ಹಾಕಬಾರದು. ಶನಿವಾರ, ಸೋಮವಾರ ನಮ್ಮ ಮನೆಯಲ್ಲಿ ಮೀನು ಒಲೆ ಹತ್ತುವುದಿಲ್ಲ. ನಮಗಿರುವುದು ಭಾನುವಾರ.

ಆ ಹಿನ್ನೀರಿನ ದಡವೆಲ್ಲ ಕೆಸರು. ಮೇಲೆ ಒಣಗಿ ಬಿರಿದಂತೆ ಕಾಣುತ್ತದೆ, ಕಾಲಿಟ್ಟರೆ ಒಳಗೆಳೆದುಕೊಳ್ಳುತ್ತದೆ. ಕಳೆದ ಬೇಸಿಗೆಯಲ್ಲಿ ಹಟ ಮಾಡಿ ಇಳಿದೆ. ಹೊಸ ಮಂಡಿ ಇದ್ದ ಕಾಲೇ ಸಿಕ್ಕಿಕೊಂಡಿತು. ದನ ಮೇಯಿಸುತ್ತಿದ್ದ ಇಬ್ಬರು ಬಂದು ನನ್ನನ್ನು ಎಳೆದು ಹಾಕಿದರು. ಚಪ್ಪಲಿ ಇವತ್ತಿಗೂ ಅಲ್ಲೇ ಇದೆ. ಮನೆಗೆ ಬಂದು ಕೈಕಾಲು ತೊಳೆದ ಮೇಲೆ ಯಜಮಾನರು ಬಾಯಿ ಬಿಟ್ಟರು.

"ಇನ್ನೊಂದ್ಸಲ ನಿನ್ನ ಎಳೆದು ತೆಗೆಯೋ ಹಂಗಾಯ್ತು ಅಂದ್ರೆ, ಗಾಳಗಳೆಲ್ಲ ಅಟ್ಟಕ್ಕೆ. ಆಮೇಲೆ ಕೇಳ್ಬಾರ್ದು."

"ಆಯ್ತು," ಎಂದೆ. ಅವರು ಅಂದದ್ದು ಎಳೆದು ತೆಗೆಯುವ ಹಾಗಾದರೆ ಎಂದು. ಹೋಗಬಾರದು ಎಂದೇನೂ ಹೇಳಿರಲಿಲ್ಲ.

ಹಿನ್ನೀರಿನ ನಡುವೆ, ದಡದಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ ಒಂದು ಮರಳು ದಿಬ್ಬವಿದೆ. ಹಳೆಯ ಹೊಳೆ ಹರಿಯುತ್ತಿದ್ದ ಜಾಗ ಅದು. ಕಾಲ ಕೆಳಗೆ ಗಟ್ಟಿ ಮರಳು, ಮಂಡಿಯುದ್ದ ನೀರು, ನಾಲ್ಕು ಹೆಜ್ಜೆ ಆಚೆ ಸರಕ್ಕನೆ ಆಳ. ದೊಡ್ಡ ಮೀನು ತಿರುಗುವುದು ಆ ಅಂಚಿನಲ್ಲೇ. ನಡೆದು ಹೋಗುವಂತಿಲ್ಲ. ಈಜು ನನಗೆ ಬರುತ್ತದೆ, ಗಾಳ ಹಿಡಿದು ಈಜಲಾಗುವುದಿಲ್ಲ. ಮಿಕ್ಕದ್ದು ದೋಣಿ.

ಬಿಟಿಎಂ ಲೇಔಟಿನಲ್ಲಿ ಒಬ್ಬ ಹುಡುಗ ಮನೆ ಖಾಲಿ ಮಾಡುತ್ತಾ ಕಯಾಕ್ ಮಾರುತ್ತಿದ್ದಾನೆಂದು ಮಗಳು ಫೋನಿನಲ್ಲಿ ನೋಡಿ ಹೇಳಿದಳು. ಹೋಗಿ ನೋಡಿದೆವು. ಏನೂ ಬಡಿವಾರವಿಲ್ಲದ ಹಳದಿ ಪ್ಲಾಸ್ಟಿಕ್ ದೋಣಿ, ಒಳಗಿಳಿದು ಕೂರುವಂಥದ್ದಲ್ಲ, ಮಣೆಯ ಮೇಲೆ ಕೂತ ಹಾಗೆ ಮೇಲೆ ಕೂರುವಂಥದ್ದು. ಒಂದೇ ಹುಟ್ಟು, ಎರಡೂ ತುದಿಗೆ ಅಗಲವಾದ ಅಲಗು. ಯಜಮಾನರು ಕಾರಿನ ಮೇಲೆ ಹಗ್ಗ ಬಿಗಿಯುತ್ತಿದ್ದಾಗ ಹುಡುಗ ನನಗೆ ತಳ ತೋರಿಸಿದ.

"ಆಂಟಿ, ತೂತಿದೆ ಅಂತ ಗಾಬರಿ ಆಗ್ಬೇಡಿ. ದೋಣಿ ಹೊಟ್ಟೆಯೊಳಗೆ ಬರೀ ಗಾಳಿ, ಮುಳುಗಲ್ಲ. ಈ ತೂತು ಮೇಲಿಂದ ಕೆಳಗೆ ಆರ್‌ಪಾರ್. ಮೇಲೆ ಬಿದ್ದ ನೀರು ಇದ್ರಲ್ಲೇ ವಾಪಸ್ ಹೋಗುತ್ತೆ."

ನಾನು ಕೇಳಿಸಿಕೊಂಡೆ. ಯಜಮಾನರು ಹಗ್ಗದಲ್ಲಿದ್ದರು.

ದೋಣಿಯನ್ನು ತಾರಸಿಗೆ ಏರಿಸಿದೆವು. ದಿನಾ ಸಂಜೆ ಅದರ ಮೇಲೆ ಕೂತು ಏಳುವುದನ್ನು ಕಲಿತೆ. ಕೂತಿರುವುದು ಸುಲಭ. ನೆಲಮಟ್ಟದಿಂದ ಏಳುವುದೇ ಕಷ್ಟ. ಎರಡೂ ಕಾಲನ್ನು ಆಚೀಚೆ ಇಳಿಬಿಟ್ಟು, ಪಾದ ಹಿಂದಕ್ಕೆ ತಂದು, ಅಂಗೈ ಊರಿ, ಮುಂದೆ ಬಾಗಿ ಒಂದೇ ಸಲಕ್ಕೆ ಏಳಬೇಕು. ಮೊದಲ ವಾರ ಏಳಲೇ ಆಗಲಿಲ್ಲ. ಬಟ್ಟೆ ಒಣಹಾಕಲು ಬಂದ ಬಾಡಿಗೆಯವರು ಬಾಯಿಗೆ ಟವೆಲ್ ಇಟ್ಟುಕೊಂಡು ನಗುತ್ತಿದ್ದರು. ನಗಲಿ. ನಗುವವರ ಮುಂದೆ ಎಡವಿ ಬೀಳಬಾರದು ಎನ್ನುತ್ತಾರೆ, ನಾನು ಅವರ ಮುಂದೆಯೇ ಬಿದ್ದು ಎದ್ದು ಕಲಿತೆ. ಯಜಮಾನರು ಕೈ ಕೊಡಲು ಬಂದರೆ ಹುಟ್ಟು ತೋರಿಸಿ ದೂರ ನಿಲ್ಲಿಸುತ್ತಿದ್ದೆ.

ಹೊರಡುವ ಹಿಂದಿನ ದಿನ ಅವರು ಪೂಜೆಗೆ ಹಟ ಹಿಡಿದರು. ನಮ್ಮ ಮನೆಗೆ ಬಂದ ಸೈಕಲ್ಲಿಗೂ ಪೂಜೆಯಾಗಿದೆ, ನೀರೆತ್ತುವ ಮೋಟರಿಗೂ ಆಗಿದೆ. ಕುಂಬಳಕಾಯಿ, ಹೂವು, ಅರಿಶಿನ ಕುಂಕುಮ ಎಲ್ಲ ಬಂತು. ನಿಂಬೆಹಣ್ಣು ಇಡಲು ಚಕ್ರ ಇರಲಿಲ್ಲ. ಸ್ವಲ್ಪ ಯೋಚಿಸಿ ಮೂತಿಯ ಕೆಳಗೊಂದು, ಬಾಲದ ಕೆಳಗೊಂದು ಇಟ್ಟರು. ತೊಳೆದು ಒರೆಸುವುದೂ ತಮ್ಮದೇ ಕೆಲಸವೆಂದರು. ನಾನು ಮೀನಿನ ಎರೆಗೆ ರಾಗಿ ಹಿಟ್ಟು ಬೇಯಿಸಲು ಕೆಳಗಿಳಿದೆ. ಅವರು ಬಹಳ ಹೊತ್ತು ಮೇಲೇ ಇದ್ದರು. ಬರುವಾಗ ಮುಖದಲ್ಲಿ ಏನೋ ಸಾಧಿಸಿದ ಕಳೆಯಿತ್ತು. ಪೂಜೆ ಚೆನ್ನಾಗಿ ಆಗಿರಬೇಕು ಅಂದುಕೊಂಡೆ.

ಭಾನುವಾರ ಬೆಳಿಗ್ಗೆ ಹಿನ್ನೀರಿನಲ್ಲಿ ಅಲೆಯೇ ಇರಲಿಲ್ಲ. ಒಂದು ಕಡೆ ಬಂಡೆ ನೀರಿನವರೆಗೆ ಇಳಿದಿದೆ, ಅಲ್ಲಿಂದ ದೋಣಿ ತಳ್ಳಿದೆವು. ಲೈಫ್ ಜಾಕೆಟಿನ ಪಟ್ಟಿಯನ್ನು ಅವರು ಮೂರು ಸಲ ಎಳೆದು ನೋಡಿದರು. ಕೂರುವ ಜಾಗಕ್ಕೆ ಹಳೆಯ ರಬ್ಬರ್ ಮ್ಯಾಟ್ ಹಾಸಿದ್ದರು. "ತಂಪಾಗುತ್ತೆ ಅಂತ," ಎಂದರು. ನಾನು ಹೊರಟೆ. ಬಲಕ್ಕೊಂದು, ಎಡಕ್ಕೊಂದು ಹುಟ್ಟು. ಎಷ್ಟೋ ತಿಂಗಳ ಮೇಲೆ ನನ್ನ ಹಿಂದೆ ಯಾರೂ ಇರಲಿಲ್ಲ. ಖುಷಿಗೆ ಜೋರಾಗಿ ನಕ್ಕೆ.

ಅರ್ಧ ದಾರಿ ಹೋಗುವಷ್ಟರಲ್ಲಿ ಗಾಳಿ ಎದ್ದಿತು. ಸಣ್ಣ ಅಲೆಗಳು ಅಂಚು ಹತ್ತಿ ಒಳಗೆ ಬಿದ್ದವು. ಬಿದ್ದ ನೀರು ಹೋಗಲಿಲ್ಲ. ಹುಟ್ಟಿನಿಂದ ತೊಟ್ಟಿಕ್ಕಿದ್ದೂ ನಿಂತಿತು. ಸ್ವಲ್ಪ ಹೊತ್ತಿನಲ್ಲಿ ಪಾತ್ರೆ ತೊಳೆಯುವ ತೊಟ್ಟಿಯಲ್ಲಿ ಕೂತ ಹಾಗಾಯಿತು. ನಾನು ಬಲಕ್ಕೆ ವಾಲಿದರೆ ನೀರೂ ಬಲಕ್ಕೆ ಓಡಿ ದೋಣಿಯನ್ನು ಇನ್ನಷ್ಟು ವಾಲಿಸುತ್ತಿತ್ತು. ದಡದಿಂದ ಯಜಮಾನರು ಕೂಗಿದರು.

"ಏ ಇವಳೇ, ಅಲ್ಲಾಡ್ತಿದೆ ಕಣೇ! ವಾಪಸ್ ಬಾ!"

ವಾಪಸ್ಸು ಹೋದರೆ ಗಾಳ ಅಟ್ಟ ಸೇರುತ್ತದೆ ಎಂದು ನನಗೆ ಗೊತ್ತಿತ್ತು. ಅವರು ಸೇರಿಸದಿದ್ದರೂ ನಾನೇ ಸೇರಿಸುತ್ತಿದ್ದೆ, ಹೆದರಿ. ದಿಬ್ಬವೇ ಹತ್ತಿರವಿತ್ತು. ಕಾಲು ಚಾಚಿ, ಮೈ ಬಿಗಿಹಿಡಿದು, ಮೂತಿಯನ್ನು ಅಲೆಗೆ ನೇರ ಕೊಟ್ಟು ಹುಟ್ಟು ಹಾಕಿದೆ. ತಳ ಮರಳಿಗೆ ಉಜ್ಜಿದ ಸದ್ದು ಕೇಳಿದಾಗ ಹುಟ್ಟು ಕೆಳಗಿಟ್ಟೆ. ಕಾಲು ಆಚೀಚೆ ಇಳಿಬಿಟ್ಟೆ, ಅಂಗೈ ಊರಿದೆ, ಬಾಗಿದೆ, ಎದ್ದೆ.

ನಿಂತಿದ್ದೆ. ಮಂಡಿಯುದ್ದ ನೀರು, ಕಾಲ ಕೆಳಗೆ ಅಲುಗದ ಮರಳು. ಕಣ್ಣಲ್ಲಿ ನೀರು ಬಂತು, ಒರೆಸಲು ಹೋಗಲಿಲ್ಲ.

ಮೊದಲು ದೋಣಿಯ ನೀರು ಚೆಲ್ಲಬೇಕಿತ್ತು. ಗಾಳದ ಚೀಲ ಹೆಗಲಿಗೇರಿಸಿ, ಅಂಚು ಹಿಡಿದು ಎತ್ತಿ ಪೂರ್ತಿ ಬೋರಲು ಹಾಕಿದೆ. ತಳದ ತೂತುಗಳೆಲ್ಲ ಬೂದು ಬಣ್ಣದ ಮೆತ್ತಿಗೆಯಿಂದ ಭರ್ತಿಯಾಗಿದ್ದವು. ನೋಡಿದ ತಕ್ಷಣ ಗುರುತು ಸಿಕ್ಕಿತು. ನಮ್ಮ ಬಾಡಿಗೆ ಮನೆಗಳ ಪ್ರತಿ ಪೈಪಿಗೂ, ಪ್ರತಿ ಸಿಂಕಿಗೂ ಹಚ್ಚಿರುವ, ಎರಡು ಉಂಡೆ ಕಲಸಿ ಮೆತ್ತುವ ಸೀಲ್ ಅದು. ತೂತು ಕಂಡರೆ ಮುಚ್ಚುವುದು ಮನೆ ಬಾಡಿಗೆಗೆ ಕೊಟ್ಟವರ ಕುಲಧರ್ಮ. ಪೂಜೆಯ ನೆಪದಲ್ಲಿ ಈ ಮಹಾನುಭಾವರು ಒಂದೊಂದನ್ನೂ ಹುಡುಕಿ, ಮೆತ್ತಿ, ಮೇಲೆ ಮ್ಯಾಟ್ ಹಾಸಿದ್ದರು. ಅಲ್ಲೇ ನಿಂತು ಗಾಳಿಗೆ ಬೈದೆ. ಪುಣ್ಯಕ್ಕೆ ಆ ಪ್ಲಾಸ್ಟಿಕ್ಕಿಗೆ ಸೀಲ್ ಕಚ್ಚಿಕೊಂಡಿರಲಿಲ್ಲ. ಚಾಕುವಿನ ಹಿಡಿಯಿಂದ ಕುಟ್ಟಿದರೆ ಬಿರಡೆಗಳಂತೆ ಪಟಪಟನೆ ಬಿದ್ದವು. ಆರಿಸಿ ಜೇಬಿಗೆ ಹಾಕಿಕೊಂಡೆ, ಅವರಿಗೆ ತೋರಿಸಬೇಕಲ್ಲ.

ದಡದಲ್ಲಿ ಕೂಗು ಜಾಸ್ತಿಯಾಯಿತು. ಮಾಮೂಲಿ ಉಪದೇಶ ಎಂದುಕೊಂಡು ಆ ಕಡೆ ಬೆನ್ನು ಹಾಕಿದೆ. ಗಾಳದ ಮುಳ್ಳಿಗೆ ರಾಗಿ ಉಂಡೆ ಸಿಕ್ಕಿಸಿ ಅಂಚಿನಾಚೆಯ ಆಳಕ್ಕೆ ಎಸೆದೆ. ದಾರದ ಬೆಂಡು ನೀರ ಮೇಲೆ ನಿಂತಿತು. ಒಮ್ಮೆ ನಡುಗಿತು, ಆಮೇಲೆ ಮಾಯವಾಯಿತು. ಕೋಲು ಬಾಗಿದ ರಭಸಕ್ಕೆ ಜಿಲೇಬಿ ಮೀನಿನಂಥ ಸಣ್ಣದಲ್ಲ ಎಂದು ತಿಳಿಯಿತು. ಎಳೆದರೆ ಬಿಟ್ಟೆ, ಸುಸ್ತಾದರೆ ಸುತ್ತಿದೆ, ಮರಳಿನ ಮೇಲೆ ಹೆಜ್ಜೆ ಹೆಜ್ಜೆ ಹಿಂದೆ ಸರಿದೆ. ಕಾಟ್ಲಾ, ನನ್ನ ಮೊಳಕೈ ಮೀರುವ ಉದ್ದ. ಕಿವಿರಿಗೆ ಬೆರಳು ಹಾಕಿ ಎತ್ತಿ, ಯಜಮಾನರಿಗೆ ತೋರಿಸೋಣವೆಂದು ತಿರುಗಿದೆ.

ಅವರು ಇರಬೇಕಾದ್ದಕ್ಕಿಂತ ಗಿಡ್ಡ ಕಂಡರು. ಬಂಡೆಯ ಪಕ್ಕದ ಕೆಸರಿನಲ್ಲಿ ತೊಡೆಯವರೆಗೆ ಹೂತು ನಿಂತಿದ್ದರು.

ಮೀನು, ಗಾಳ ಎರಡನ್ನೂ ದೋಣಿಗೆ ಎಸೆದು ಹತ್ತಿದೆ, ಹೇಗೆ ಹುಟ್ಟು ಹಾಕಿದೆನೋ ಗೊತ್ತಿಲ್ಲ. ಈ ಸಲ ಒಳಗೆ ಬಿದ್ದ ನೀರು ಬಿದ್ದ ಹಾಗೇ ಇಳಿದುಹೋಗುತ್ತಿತ್ತು. ಕೆಸರಿನ ಮೇಲಿದ್ದ ಗೇಣುದ್ದ ನೀರು ದೋಣಿಗೆ ಸಾಕಾಯಿತು. ಅವರ ಎದುರಿಗೆ ಅಡ್ಡ ನಿಲ್ಲಿಸಿದೆ.

"ದೋಣಿ ಮೇಲೆ ಬೋರಲು ಬಿದ್ಕೊಳ್ಳಿ. ಕಾಲು ಎತ್ತಬೇಡಿ, ಹಿಂದಕ್ಕೆ ಜಾರಿಸಿ."

ಅವರು ಮಲಗಿದರು. ನಾನು ಇನ್ನೊಂದು ಬದಿಗೆ ವಾಲಿ ಕೂತು, ಅವರ ಬೆಲ್ಟು ಹಿಡಿದು ಎಳೆದೆ. ಒಂದೊಂದೇ ಕಾಲು ಬಂತು. ಚಪ್ಪಲಿ ಬರಲಿಲ್ಲ. ಬಂಡೆ ತಲುಪಿದ ಮೇಲೆ ಇಬ್ಬರೂ ಕೂತೆವು. ಮೀನು ಮಧ್ಯದಲ್ಲಿತ್ತು. ನಾನು ಜೇಬಿನಿಂದ ಸೀಲಿನ ಉಂಡೆಗಳನ್ನು ತೆಗೆದು ಅವರ ಮುಂದೆ ಸುರಿದೆ. ಬೈಗುಳವೆಲ್ಲ ನಾಲಿಗೆಯ ತುದಿಯಲ್ಲಿತ್ತು.

"ದೋಣಿ ಮಗುಚಿದ್ದು ನೋಡ್ದೆ," ಎಂದರು ಅವರು. "ನೀನು ಬಿದ್ದೆ ಅನ್ಕೊಂಡೆ."

"ನಾನೇ ಮಗುಚಿದ್ದು. ನಿಮ್ಗೆ ಈಜು ಬರಲ್ಲ. ಯಾಕ್ರೀ ಇಳಿದ್ರಿ?"

ಅವರು ಒಂದು ಉಂಡೆ ಎತ್ತಿಕೊಂಡು ತಿರುಗಿಸಿ ನೋಡಿದರು. "ಆಸ್ಪತ್ರೇಲಿ ನಿನ್ನ ಒಳಗೆ ಕರ್ಕೊಂಡು ಹೋದಾಗ ಬೆಳಿಗ್ಗೆಯಿಂದ ಹೊರಗೆ ಕೂತಿದ್ದೆ. ಕೈಗೆ ಒಂದು ಕೆಲ್ಸ ಇರ್ಲಿಲ್ಲ ಕಣೇ. ಇಲ್ಲಿ ಮುಚ್ಚೋಕೆ ತೂತಾದ್ರೂ ಇತ್ತು."

ಬೈಗುಳ ನುಂಗಿಕೊಂಡೆ. ಅವರ ಕಾಲಿನ ಕೆಸರನ್ನು ನೀರೆರಚಿ ತೊಳೆದೆ. ಕಾರು ಹತ್ತುವಾಗ ಮಾತ್ರ ಕೇಳದಿರಲು ಆಗಲಿಲ್ಲ.

"ಇವತ್ತು ಎಳೆದು ತೆಗೆದಿದ್ದು ಯಾರನ್ನ ರೀ?"

"ಗಾಳ ಅಟ್ಟಕ್ಕೆ ಹೋಗಲ್ಲ ಬಿಡೇ," ಎಂದರು.

ಮಾರನೆಯ ಸಂಜೆ ತಾರಸಿಗೆ ಹೋದೆ. ಅವರು ದೋಣಿಯ ಮೇಲೆ ಕೂತಿದ್ದರು, ಕಾಲು ಆಚೀಚೆ, ಅಂಗೈ ಊರಿ. ನಾನು ಹೇಳಿಕೊಟ್ಟಿರಲಿಲ್ಲ, ನೋಡಿಯೇ ಕಲಿತಿದ್ದರು. ಏಳಲು ಹೋಗಿ ದೊಪ್ಪನೆ ಕೂತರು. ಮತ್ತೆ ಬಾಗಿದರು. ಸೊಂಟ ಅರ್ಧಕ್ಕೆ ಎದ್ದು ತೂಗಾಡತೊಡಗಿತು. ಬಾಡಿಗೆಯವರು ಬಟ್ಟೆಯ ಮರೆಯಲ್ಲಿ ನಗುತ್ತಿದ್ದರು.

"ಕೈ ಕೊಡ್ಲಾ?" ಎಂದೆ.

"ಬೇಡ. ನಾನೇ ಏಳ್ತೀನಿ."

ನನ್ನ ಕೈ ಆಗಲೇ ಅವರ ರಟ್ಟೆಯ ಹತ್ತಿರ ಹೋಗಿತ್ತು. ಹಿಂದಕ್ಕೆ ತೆಗೆದುಕೊಂಡು ಬೆನ್ನ ಹಿಂದೆ ಕಟ್ಟಿ ನಿಂತೆ. ಅವರು ಪೂರ್ತಿ ಏಳುವವರೆಗೆ ಹಾಗೇ ನಿಲ್ಲುವುದು ದಿಬ್ಬದವರೆಗೆ ಹುಟ್ಟು ಹಾಕಿದ್ದಕ್ಕಿಂತ ಕಷ್ಟವಾಗಿತ್ತು.