ಲಘುವಿಗೆ ಒಂದು, ಗುರುವಿಗೆ ಎರಡು

ಹಿಂದೆ ಕೋಟೇಶ್ವರದಲ್ಲಿದ್ದ ಟೀಚರೊಬ್ಬರು ನನ್ನ ಛಂದಸ್ಸಿನ ಪಾಠಗಳನ್ನು ಚಿತ್ರೀಕರಿಸಿ ಮಕ್ಕಳ ಮೊಬೈಲಿಗೆ ಕಳುಹಿಸುತ್ತಿದ್ದರು. ಕಳುಹಿಸುವ ಮೊದಲು ಎರಡೂ ಅಂಗೈಗಳಿಂದ ಕಣ್ಣು ಮುಚ್ಚಿ, ಧ್ವನಿ ಸ್ಪಷ್ಟವಿದೆಯೇ ಎಂದು ಪಾಠವನ್ನು ಪೂರ್ತಿ ಆಲಿಸುವುದು ಅವರ ನಿಯಮ.

ಶಂಕರನಾರಾಯಣ ಎಂಬ ಊರಿನ ಒಬ್ಬ ವಿದ್ಯಾರ್ಥಿನಿಗೆ ದೃಷ್ಟಿಯಿರಲಿಲ್ಲ. ಪಾಠ ತಿಳಿಯದೆ, ತರಗತಿಯನ್ನೇ ಬಿಡುತ್ತೇನೆಂದು ಅವಳು ಹೇಳಿಕಳುಹಿಸಿದ್ದಳು. ನಾನೋ ಹಲಗೆಯ ಮೇಲೆ ಗುರುತು ಹಾಕುತ್ತ, "ಇದು ಲಘು, ಇದು ಗುರು" ಎಂದು ಬೆರಳು ತೋರುತ್ತಿದ್ದೆ.

"ಮಾಷ್ಟ್ರೇ, ಕಣ್ಣ್ ಮುಚ್ಕಂಡ್ ಕೇಣಿ ಕಾಂಬ," ಎಂದು ಟೀಚರು ನನ್ನ ಪಾಠವನ್ನು ನನಗೇ ಕೇಳಿಸಿದರು. "ಯಾವ್ದ್ ಲಘು, ಯಾವ್ದ್ ಗುರು, ಹೇಳಿ?"

ಕಣ್ಣು ಮುಚ್ಚಿದರೆ ‘ಇದು, ಇದು’ ಎಂಬುದಷ್ಟೇ ಕೇಳಿಸಿತು. "ಎಂತ ಮಾರಾಯ್ತಿ, ನನ್ನ್ ಪಾಠದಲ್ಲೇ ನನ್ನ ಫೇಲ್ ಮಾಡಿದ್ಯಲೆ!" ಎಂದೆ. ಅವರು ನಕ್ಕರು.

ಬಾಲ್ಯದಲ್ಲಿ ನನ್ನ ಗುರುಗಳು ತೊಡೆ ತಟ್ಟಿಯೇ ಮಾತ್ರೆ ಕಲಿಸಿದ್ದು ಆಗ ನೆನಪಾಯಿತು. ಲಘುವಿಗೆ ಒಂದು ಪೆಟ್ಟು, ಗುರುವಿಗೆ ಎರಡು. ಹಲಗೆಯನ್ನು ಬದಿಗಿಟ್ಟು, ಮೇಜು ತಟ್ಟುತ್ತ ಪಾಠವನ್ನು ಮತ್ತೆ ಮಾಡಿದೆ. ಟೀಚರು ಅದನ್ನು ಕಳುಹಿಸಿದರು.

ಮರುದಿನ ಟೀಚರ ಮೊಬೈಲಿಗೆ ಆ ಹುಡುಗಿಯ ಧ್ವನಿಸಂದೇಶ ಬಂತು: "ಮಾಷ್ಟ್ರೇ, ಮೂರ್ನೇ ಗಣಕ್ಕೆ ಒಂದ್ ಪೆಟ್ಟ್ ಕಮ್ಮಿ ಬಿತ್ತಲೆ!"

ಟೀಚರು ಅಂಗೈಗಳಿಂದ ಕಣ್ಣು ಮುಚ್ಚಿ ಇನ್ನೊಮ್ಮೆ ಆಲಿಸಿದರು. "ಹೌದ್ ಮಾಷ್ಟ್ರೇ, ಕಮ್ಮಿಯೇ."

ಭಗವಂತನನ್ನು ನೆನೆದು ನಾನು ಮೂರನೆಯ ಬಾರಿ ಪಾಠಕ್ಕೆ ಕುಳಿತೆ, ಕಣ್ಣು ಮುಚ್ಚಿಕೊಂಡು.