ನೆಲದಮ್ಮ ಉಜ್ಜದೆ ಬಿಟ್ಟ ಗೀರು

ಬೆಳಗಿನ ಐದೂವರೆಗೆ ನೃತ್ಯಶಾಲೆಯ ಹಿಂಬಾಗಿಲ ಚಿಲಕ ಸರಿಯುತ್ತದೆ. ಚಪ್ಪಲಿಯನ್ನು ಹೊಸ್ತಿಲಾಚೆ ಬಿಟ್ಟು ಬರುವ ಹೆಂಗಸು ದೀಪ ಹಾಕುವ ಮೊದಲು ಸಭಾಂಗಣದ ಉದ್ದಕ್ಕೂ ಒಮ್ಮೆ ಬರಿಗಾಲಲ್ಲಿ ನಡೆಯುತ್ತಾರೆ. ಎಲ್ಲಿ ಮರಳು ಬಿದ್ದಿದೆ, ಎಲ್ಲಿ ಹಲಗೆಯ ಸಿಬಿರು ಎದ್ದಿದೆ, ಯಾವ ಪುಣ್ಯಾತ್ಮ ಎಲ್ಲಿ ಕಾಫಿ ಚೆಲ್ಲಿ ಸುಮ್ಮನೆ ಹೋಗಿದ್ದಾನೆ, ಎಲ್ಲವನ್ನೂ ಅಂಗಾಲೇ ಹೇಳುತ್ತದೆ. ಆಮೇಲೆ ದೀಪ, ಎರಡು ಬಕೆಟ್ ನೀರು, ಉದ್ದ ಮರದ ಕೋಲಿನ ಒರೆಸುಬಟ್ಟೆ.

ನಲವತ್ತಡಿ ಉದ್ದ, ಇಪ್ಪತ್ತೈದಡಿ ಅಗಲದ ಮರದ ನೆಲವದು. ದಿನಕ್ಕೆ ಮೂರು ಸಲ ಒರೆಸಬೇಕು, ತಿಂಗಳಿಗೊಮ್ಮೆ ಮೇಣ ಹಚ್ಚಬೇಕು. ಹತ್ತೊಂಬತ್ತು ವರ್ಷದಿಂದ ಈ ಕೆಲಸ ಮಾಡುತ್ತಿರುವ ಇವರಿಗೆ ಶಾಲೆಯಲ್ಲಿರುವ ಹೆಸರು ನೆಲದಮ್ಮ. ಬೂಟು ಹಾಕಿಕೊಂಡು ಬಂದ ಮುಖ್ಯ ಅತಿಥಿಯನ್ನೇ ಬಾಗಿಲಲ್ಲಿ ತಡೆದು ನಿಲ್ಲಿಸಿದ ಖ್ಯಾತಿ ಇವರದು. ‘ಅತ್ತೆ, ನಮ್ಮ ಮನೆ ನೆಲದ ಮೇಲೂ ಒಂಚೂರು ಕೃಪೆ ಇರ್ಲಿ’ ಎಂದು ಸೊಸೆ ಛೇಡಿಸುವುದುಂಟು. ಆ ಮಾತು ನೆಲದಮ್ಮನ ಬಲಗಿವಿಗೆ ಕೇಳಿಸುವುದಿಲ್ಲ.

ಬಲಗಿವಿ ನಿಜಕ್ಕೂ ಕೇಳಿಸುವುದಿಲ್ಲ. ಮದುವೆಯಾದ ವರ್ಷವೇ ಬಟ್ಟೆ ಗಿರಣಿ ಸೇರಿದವರು, ಗಿರಣಿ ಮುಚ್ಚುವವರೆಗೆ ಹನ್ನೊಂದು ವರ್ಷ ಮಗ್ಗಗಳ ನಡುವೆ ನಿಂತರು. ಆ ಗದ್ದಲದಲ್ಲಿ ಬಾಯಿಗೆ ಕೆಲಸವಿರಲಿಲ್ಲ. ನೂಲು ಹರಿಯಿತು, ಮೇಸ್ತ್ರಿ ಬಂದ, ನಿನ್ನ ಬುತ್ತಿಯಲ್ಲಿ ಏನಿದೆ, ಹೀಗೆ ಎಲ್ಲವನ್ನೂ ಕೈಯಲ್ಲೇ ಮಾತಾಡುತ್ತಿದ್ದರು. ಗಿರಣಿ ಕಿವಿಯನ್ನು ಇಟ್ಟುಕೊಂಡಿತು, ಕೈಮಾತನ್ನು ಕೊಟ್ಟು ಕಳಿಸಿತು.

ಆ ಕೈಮಾತು ಉಪಯೋಗಕ್ಕೆ ಬಂದದ್ದು ಕಳೆದ ವರ್ಷ. ಅಂಗವಿಕಲರ ನೃತ್ಯದ ಬಗ್ಗೆ ಸಂಶೋಧನೆ ಮಾಡುವ ಮೇಡಂ ಒಬ್ಬರು ಶಾಲೆಯಲ್ಲಿ ಎರಡು ತಂಡ ಕಟ್ಟಿದರು. ಒಂದು ಕಿವಿ ಕೇಳದವರದು. ನೆಲಕ್ಕೆ ತಾಗಿಸಿಟ್ಟು ಬಾರಿಸುವ ದೊಡ್ಡ ಡೋಲಿನ ಪೆಟ್ಟನ್ನು ಹಲಗೆಯ ಮೂಲಕ ಅಂಗಾಲಲ್ಲಿ ಹಿಡಿದು ಅವರು ಕುಣಿಯುತ್ತಾರೆ. ಇನ್ನೊಂದು ಗಾಲಿಕುರ್ಚಿಯವರದು. ಅವರು ಸ್ಪೀಕರಿನ ಹಾಡಿಗೆ ಕುಣಿಯುತ್ತಾರೆ. ಎಲ್ಲ ಸರಿಯೇ, ಆದರೆ ದರ್ಜಿ ಅಂಗಡಿಯಲ್ಲಿ ಕಾಜಾ ಹಾಕುವ ಇಪ್ಪತ್ತಾರರ ಹುಡುಗಿಯೊಬ್ಬಳು ಬಂದಳು ನೋಡಿ. ಹುಟ್ಟಿನಿಂದ ಕಿವಿ ಕೇಳದು, ಪೋಲಿಯೋದಿಂದ ಕಾಲಿಗೆ ಬಲವಿಲ್ಲ.

ಅರ್ಜಿಯಲ್ಲಿ ಹುಡುಗಿ ಎರಡೂ ಕಡೆ ಗುರುತು ಹಾಕಿದ್ದಳು. ಒಬ್ಬರಿಗೆ ಒಂದೇ ಗುರುತು ಎಂದು ಕಂಪ್ಯೂಟರ್ ಹಟ ಹಿಡಿಯಿತು. ಕಣ್ಣಿಗೆ ಕಾಣುವುದು ಕುರ್ಚಿ ತಾನೆ, ಅವಳನ್ನು ಕುರ್ಚಿ ತಂಡಕ್ಕೆ ಹಾಕಿದರು. ಹಾಡು ಕೇಳಿಸದ ಹುಡುಗಿ ಮುಂದಿನವರನ್ನು ನೋಡಿ ಕೈ ಎತ್ತುತ್ತಿದ್ದಳು, ಯಾವಾಗಲೂ ಅರ್ಧ ಪೆಟ್ಟು ಹಿಂದೆ. ಬೆನ್ನು ತಿರುಗಿಸುವ ಭಾಗ ಬಂದರೆ ಮುಗಿಯಿತು, ಯಾರೂ ಕಾಣುತ್ತಿರಲಿಲ್ಲ. ಪ್ರದರ್ಶನಕ್ಕೆ ಎರಡು ವಾರವಿದ್ದಾಗ ನೃತ್ಯ ಕಲಿಸುವ ಗುರುಗಳು ಶನಿವಾರದ ತನಕ ನೋಡೋಣ ಎಂದರು. ಅದರ ಅರ್ಥ ಎಲ್ಲರಿಗೂ ಗೊತ್ತಿತ್ತು, ಹುಡುಗಿಗಂತೂ ಚೆನ್ನಾಗಿ ಗೊತ್ತಿತ್ತು.

ಮರುದಿನ ತಾಲೀಮು ಮುಗಿದ ಮೇಲೆ ಅವಳು ಮೂಲೆಯಲ್ಲಿ ಒಬ್ಬಳೇ ಕುಳಿತಿದ್ದಳು. ನೆಲದಮ್ಮ ಸುತ್ತಲೂ ಒರೆಸುತ್ತಿದ್ದಾಗ ಒದ್ದೆ ಬಟ್ಟೆ ಅವಳ ಪಾದಕ್ಕೆ ತಗುಲಿತು. ಹುಡುಗಿ ಕಚಗುಳಿಯಾದವಳಂತೆ ಕಿಸಕ್ಕನೆ ನಕ್ಕಳು.

“ಕೋಲು ಅಲ್ಲೇ ಬಿಟ್ಟು ಅವಳ ಮುಂದೆ ಕೂತೆ,” ಎನ್ನುತ್ತಾರೆ ನೆಲದಮ್ಮ. “ನಡೆಯೋಕಾಗದ ಕಾಲಿಗೆ ಏನೂ ಗೊತ್ತಾಗಲ್ಲ ಅಂತ ನಾವೆಲ್ಲ ಅಂದ್ಕೊಂಡಿದ್ವಿ. ಅಷ್ಟು ಓದ್ದೋರು ಇದ್ರು, ಅವಳನ್ನೇ ಒಂದ್ಮಾತು ಕೇಳ್ಬೇಕು ಅಂತ ಒಬ್ರಿಗೂ ಹೊಳೀಲಿಲ್ಲ. ನಂಗೂ ಹೊಳೀಲಿಲ್ಲ ಬಿಡಿ.”

ಕಾಲಿಗೆ ಡೋಲಿನ ಪೆಟ್ಟು ಗೊತ್ತಾಗುತ್ತದೆಯೇ ಎಂದು ಗಿರಣಿಯ ಕೈಮಾತಿನಲ್ಲಿ ಕೇಳಿದರು. ಅರ್ಧ ತಿಳಿಯಿತು, ಉಳಿದರ್ಧವನ್ನು ಹುಡುಗಿ ಊಹಿಸಿದಳು. ಡೋಲಿನವರನ್ನು ಕರೆದು ಬಾರಿಸಲು ಹೇಳಿದರೆ ಊಹೂಂ, ಗಾಲಿಯ ರಬ್ಬರು ಪೆಟ್ಟನ್ನೆಲ್ಲ ನುಂಗಿಬಿಡುತ್ತಿತ್ತು. ಆಗ ನೆಲದಮ್ಮ ಒರೆಸುಕೋಲನ್ನು ತಲೆಕೆಳಗು ಮಾಡಿದರು. ಬರಿಯ ತುದಿಯನ್ನು ನೆಲಕ್ಕೆ ಒತ್ತಿ, ಕೋಲಿನ ನಡುಭಾಗವನ್ನು ಹುಡುಗಿಯ ಅಂಗಾಲಿಗೆ ತಾಗಿಸಿ ಹಿಡಿದರು. ಡೋಲು ಮತ್ತೆ ಮೊಳಗಿತು. ನಾಲ್ಕನೆಯ ಪೆಟ್ಟಿಗೆ ಹುಡುಗಿಯ ಬೆರಳುಗಳು ಕುರ್ಚಿಯ ಕೈ ಮೇಲೆ ತಾಳ ಹಾಕತೊಡಗಿದವು. ಒಂದು ಪೆಟ್ಟೂ ತಪ್ಪಲಿಲ್ಲ.

ಶುಕ್ರವಾರ ನೆಲದಮ್ಮ ಹಳೆಯ ಕೋಲೊಂದನ್ನು ಗೇಣುದ್ದಕ್ಕೆ ಕತ್ತರಿಸಿ, ನೆಲಕ್ಕೆ ತಾಗುವಂತೆ ಕುರ್ಚಿಯ ಪಾದವಿಡುವ ಹಲಗೆಯ ಕೆಳಗೆ ತಂತಿಯಿಂದ ಬಿಗಿದರು. ಕುರ್ಚಿ ಸರಿಯಿತು, ನೆಲ ಕಿರ್ರೆಂದಿತು. ಮೇಣದ ಹೊಳಪಿನ ಮೇಲೆ ಬೆಳ್ಳಗೆ ಒಂದು ಗೀರು. ಅಯ್ಯೋ ನನ್ನ ನೆಲ ಎಂದು ನೆಲದಮ್ಮ ಕೂಗಿಯೇಬಿಟ್ಟರು. ಓಡಿಹೋಗಿ ಕೋಲಿನ ತುದಿಗೆ ಮೂರು ಸುತ್ತು ಬಟ್ಟೆ ಸುತ್ತಿದರು. ಗೀರು ನಿಂತಿತು. ಹುಡುಗಿಯ ಬೆರಳುಗಳೂ ನಿಂತವು. ಬಟ್ಟೆ ತೆಳುವಾಗಿಸಿದರು, ತೊಗಲಿನ ಚೂರು ಕಟ್ಟಿದರು. ಏನು ಕಟ್ಟಿದರೂ ಪೆಟ್ಟು ಮಂಕಾಗುತ್ತಿತ್ತು. ಹುಡುಗಿ ನೆಲ ನೋಡಿದಳು, ಇವರ ಮುಖ ನೋಡಿದಳು, ಬೇಡ ಬಿಡಿ ಎಂದು ಕೈಯಾಡಿಸಿ ಕುರ್ಚಿ ಹಿಂದಕ್ಕೆಳೆದಳು.

ನೆಲದಮ್ಮ ಕುಕ್ಕರುಗಾಲಲ್ಲಿ ಕುಳಿತು ತುದಿಗೆ ಕಟ್ಟಿದ್ದನ್ನೆಲ್ಲ ಬಿಚ್ಚಿ ಹಾಕಿದರು.

ಶನಿವಾರ ಗುರುಗಳು ಸ್ಪೀಕರಿನ ಜೊತೆಗೆ ಡೋಲನ್ನೂ ಇಡಿಸಿದರು. ಹುಡುಗಿ ಬೆನ್ನು ತಿರುಗಿಸಿದಾಗಲೂ ಕೈ ಸರಿಯಾಗಿ ಎದ್ದಿತು. ಪ್ರದರ್ಶನದ ದಿನವೂ ಹಾಗೆಯೇ. ಮೇಡಂ ಈಗ ಅರ್ಜಿಯನ್ನು ತಿದ್ದಿದ್ದಾರೆ, ಎಷ್ಟು ಗುರುತು ಬೇಕಾದರೂ ಹಾಕಬಹುದು. ನೆಲದಮ್ಮನ ಕೈಗೂ ಒಂದು ಪ್ರತಿ ಕೊಟ್ಟರಂತೆ: ಹೆಂಗಸು, ಕೂಲಿ, ಒಂದು ಕಿವಿ ಇಲ್ಲ, ವಯಸ್ಸು ಐವತ್ತೆಂಟು. ಇಷ್ಟೆಲ್ಲ ತುಂಬೋ ಹೊತ್ತಿಗೆ ಅರ್ಧ ನೆಲ ಒರೆಸಬಹುದು ಎಂದು ನಗುತ್ತಾರೆ.

ಸಭಾಂಗಣದ ನಡುವೆ ಎರಡು ಮಾರುದ್ದದ ಬಾಗಿದ ಗೀರು ಈಗಲೂ ಇದೆ. ಅದನ್ನು ಉಜ್ಜಿ ಮೇಣ ಹಚ್ಚುವಂತೆ ವ್ಯವಸ್ಥಾಪಕರು ಎರಡು ಸಲ ಹೇಳಿದ್ದಾರೆ. ಎರಡು ಸಲವೂ ಬಲಗಿವಿಯ ಕಡೆಯಿಂದಲೇ ಹೇಳಿದರೆಂದು ಕಾಣುತ್ತದೆ. ಇವತ್ತೂ ಅದರ ಅಕ್ಕಪಕ್ಕವೆಲ್ಲ ಹೊಳೆಯುವಂತೆ ಒರೆಸಿ, ಬಟ್ಟೆ ಹಿಂಡಿ, ಸೊಂಟ ನೆಟ್ಟಗೆ ಮಾಡಿಕೊಳ್ಳುತ್ತಾರೆ.

“ಉಜ್ಜಿದ್ರೆ ಹತ್ತು ನಿಮಿಷದ ಕೆಲ್ಸ,” ಎನ್ನುತ್ತಾರೆ ನೆಲದಮ್ಮ. “ಆದ್ರೆ ಆ ಹುಡುಗಿ ಇಲ್ಲಿ ಕುಣಿದಿದ್ದು ಹೌದಾ ಅಂತ ನಾಳೆ ಯಾರಾದ್ರೂ ಕೇಳಿದ್ರೆ, ತೋರ್ಸೋಕೆ ಏನಾದ್ರೂ ಬೇಕಲ್ವಾ?”